ಷಡಕ್ಷರಪ್ಪನವರ ಹೆಸರಿನಲ್ಲಿ

ಜನ್ನಾಪುರ, ಭದ್ರಾವತಿ
೧೨ ಫೆಬ್ರವರಿ ೨೦೦೭, ಸೋಮವಾರ

ಚಿ. ನವ್ಯಾಳಿಗೆ,

ಅಕ್ಕನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿದ್ದೀಯೆಂದು ನನಗೆ ಗೊತ್ತು. ಹೇಗೆ ಗೊತ್ತು ಎನ್ನುವುದನ್ನು ಹೇಳಲೆಂದೇ ಈ ಪತ್ರ. ಅಪ್ಪ ಪತ್ರ ಬರೆಯಲು ಕೂತರೆ ‘ಉಭಯಕುಶಲೋಪರಿ’ ಎಂದು ಗಂಭೀರವಾಗಿ ಶುರುಮಾಡಿ, ಒಂದೆರಡು ಸಾಲಿಗೇ ಬೈಗುಳಕ್ಕೆ ಇಳಿಯುತ್ತಿದ್ದರು. ನನಗೆ ಅಷ್ಟು ದೊಡ್ಡ ಪದವೂ ಬೇಡ, ಬೈಗುಳವೂ ಬೇಡ. ಪತ್ರ ಉದ್ದವಾದರೆ ಸಹಿಸಿಕೊಂಡು ಕೊನೆಯವರೆಗೂ ಓದು, ಅಷ್ಟೇ.

ಹೊಸ ವರ್ಷಕ್ಕೆ ನೀನು ಕಳಿಸಿದ ಕಾರ್ಡು ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಕಾರ್ಡಿನಲ್ಲಿ ಅಚ್ಚಾದ ಶುಭಾಶಯ, ಕೆಳಗೆ ನಿನ್ನ ಸಹಿ. ಸಹಿಗೆ ಏನೆಂದು ಉತ್ತರ ಬರೆಯುವುದೆಂದು ಗೊತ್ತಾಗದೆ ಸುಮ್ಮನಿದ್ದೆ.

ಇವತ್ತು ಕಾವೇರಿ ತೀರ್ಪಿಗೆ ವಿರುದ್ಧವಾಗಿ ಕರ್ನಾಟಕ ಬಂದ್. ಶಾಲೆಗೆ ರಜೆ. ಬಸ್ಸಿಲ್ಲ, ಆಟೋ ಇಲ್ಲ, ಮೂಲೆ ಅಂಗಡಿಯವನು ಅರ್ಧ ಶಟರು ಎಳೆದುಕೊಂಡು ಒಳಗಿಂದಲೇ ಹಾಲಿನ ಪ್ಯಾಕೆಟ್ಟು ಕೊಡುತ್ತಿದ್ದಾನೆ. ಪಕ್ಕದ ಮನೆಯ ತಮಿಳು ಹೆಂಗಸು ಕಾಂಪೌಂಡ್ ಗೋಡೆಯ ಮೇಲಿಂದ ಇಣುಕಿ, “ಏನ್ ಮೇಡಂ, ನಮ್ದು ಭದ್ರಾ ಅಲ್ವಾ? ಕಾವೇರಿಗೆ ನಮ್ಗ್ಯಾಕೆ ರಜೆ?” ಎಂದು ಕೇಳಿ ತಾವೇ ನಕ್ಕರು. ನಕ್ಕಮೇಲೆ ಒಳಗೆ ಹೋಗಿ ಬಾಗಿಲಿಗೆ ಚಿಲಕ ಹಾಕಿಕೊಂಡರು. ಇದನ್ನು ನೀನು ಬರೆದಿದ್ದರೆ ಚೆನ್ನಾಗಿ ಬರೆಯುತ್ತಿದ್ದೆ.

ನವ್ಯಾ, ನೀನು ಇಂಟರ್ನೆಟ್ಟಿನಲ್ಲಿ ಬರೆಯುವ ‘ಚಿಲ್ಲರೆ ಡಬ್ಬಿ’ ಬ್ಲಾಗನ್ನು ನಾನು ಕಳೆದ ಮಳೆಗಾಲದಿಂದ ಓದುತ್ತಿದ್ದೇನೆ. ಅದೊಂದು ಇದೆ ಎಂದು ನೀನು ಹೇಳಿರಲಿಲ್ಲ. ಪೇಪರಿನ ಪುರವಣಿಯಲ್ಲಿ ಕನ್ನಡ ಬ್ಲಾಗುಗಳ ಬಗ್ಗೆ ಯಾರೋ ಬರೆದಿದ್ದರು. ‘ಅಂತರ್ಜಾಲದ ಮೂಲೆಮೂಲೆಯಿಂದ ವಿಚಿತ್ರಗಳನ್ನು ಹೆಕ್ಕಿ ತಂದು, ಅದರ ನೆಪದಲ್ಲಿ ಕಲೆ, ರಾಜಕೀಯ, ನಮ್ಮ ನಡವಳಿಕೆ ಎಲ್ಲವನ್ನೂ ಚಿವುಟುವ ಬರೋಡಾದ ನವ್ಯಾ ವೆಂಕಟಾಚಲ’ ಎಂದಿತ್ತು. ಸ್ಟಾಫ್ ರೂಮಿನಲ್ಲಿ ಓದುತ್ತಿದ್ದವಳು ಎದ್ದು ನಿಂತುಬಿಟ್ಟೆ. ಗಣಿತದ ಪ್ರೇಮಮ್ಮ, “ಏನ್ರೀ ಜಯಾ, ಲಾಟರಿ ಹೊಡೀತಾ?” ಎಂದರು. ನನ್ನ ತಂಗಿ ಎಂದೆ. “ನಿಮ್ಗೆ ಹೇಳಿರ್ಲಿಲ್ವಾ?” ಎಂದರು. ಹೇಳಿದ್ದಳು, ನಾನೇ ಮರೆತಿದ್ದೆ ಎಂದು ಸುಳ್ಳು ಹೇಳಿ ಕ್ಲಾಸಿಗೆ ಹೋದೆ.

ಫೋನಿನಲ್ಲಿ ನೀನೇನು ಕೆಲಸ ಮಾಡುತ್ತೀ ಎಂದು ನಾನು ಕೇಳಿದಾಗಲೆಲ್ಲ ನಿನ್ನ ಉತ್ತರ ಒಂದೇ. “ಗ್ಯಾಲರಿಗೆ ಬರೀತೀನಿ ಅಕ್ಕ. ನಿಂಗದೆಲ್ಲ ಅರ್ಥ ಆಗಲ್ಲ ಬಿಡು. ಅಲ್ಲಿ ಮಳೆ ಬಂತಾ?” ನಾನು ಮಳೆಯ ವರದಿ ಕೊಡುತ್ತಿದ್ದೆ. ಮಳೆಗಾಲ ಮುಗಿದ ಮೇಲೆ ನಮಗೆ ಮಾತಾಡಲು ಏನೂ ಉಳಿಯುತ್ತಿರಲಿಲ್ಲ. ಜಗಳವಾಡಿದ್ದರೆ ಯಾರಾದರೂ ಒಬ್ಬರು ರಾಜಿಗೆ ಬರಬಹುದಿತ್ತು. ನಾವು ಜಗಳವನ್ನೂ ಆಡಲಿಲ್ಲ. ನೀನು ಮನೆಗೆ ಬಂದು ಮೂರು ವರ್ಷ ದಾಟಿತು. ಅಪ್ಪ ಹೋದಮೇಲೆ ಬರಲು ಕಾರಣವೇ ಇಲ್ಲವೇನೋ ಎಂದು ನಿನಗೆ ಅನ್ನಿಸಿರಬೇಕು.

ಹಾಗಾಗಿ ಒಂದು ಹಟ ಹುಟ್ಟಿತು ಅಂತ ಇಟ್ಟುಕೋ. ಅರ್ಥವಾಗದ್ದು ಏನಿದೆ, ನೋಡೇಬಿಡೋಣ ಎಂದು. ಅಮ್ಮ ಹೋದಾಗ ನಿನಗೆ ನಾಲ್ಕು ವರ್ಷ, ನಿನಗೆ ಅ ಆ ತಿದ್ದಿಸಿದವಳು ನಾನು. ನವ್ಯಾ ಎಂಬ ಹೆಸರೂ ನನ್ನದೇ ಆಯ್ಕೆ. ನಾನು ತಿದ್ದಿಸಿದ ಅಕ್ಷರದಲ್ಲಿ ಬರೆದದ್ದು ನನಗೇ ಅರ್ಥವಾಗುವುದಿಲ್ಲವೇ?

ಜನ್ನಾಪುರದಲ್ಲೂ ಒಂದು ಸೈಬರ್ ಸೆಂಟರ್ ಇದೆ. ಅಲ್ಲಿ ನನ್ನ ಎಂಟನೇ ಕ್ಲಾಸಿನವರೇ ಢಂ ಢಂ ಎಂದು ಗುಂಡು ಹೊಡೆಯುವ ಆಟ ಆಡುತ್ತ ಕೂತಿರುತ್ತಾರೆ. ಹಿಂದಿ ಮೇಡಂ ಒಳಗೆ ಕಾಲಿಟ್ಟರೆ ಅವರ ಆಟವೂ ಕೆಡುತ್ತದೆ, ನನ್ನ ಮರ್ಯಾದೆಯೂ ಹೋಗುತ್ತದೆ. ಅದಕ್ಕೇ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗತೊಡಗಿದೆ. ದುರ್ಗಿಗುಡಿಯಲ್ಲಿ ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಒಂದು ಸೆಂಟರಿದೆ. ಪ್ಲೈವುಡ್ಡಿನ ಗೂಡುಗಳು, ಪ್ರತಿ ಗೂಡಿಗೂ ಒಂದು ಗೊಣಗುಟ್ಟುವ ಫ್ಯಾನು.

ಮೊದಲ ದಿನ ನಿನ್ನ ಬರಹವೆಲ್ಲ ಬರೀ ಚೌಕ ಚೌಕವಾಗಿ ಕಂಡಿತು. ಇದೂ ಮಾಡರ್ನ್ ಆರ್ಟ್ ಇರಬೇಕೆಂದು ಸ್ವಲ್ಪ ಹೊತ್ತು ಗೌರವದಿಂದ ನೋಡಿದೆ. ಆಮೇಲೆ ಸೆಂಟರ್ ನಡೆಸುವ ಜ್ಞಾನೇಶ್ ಬಂದು, “ಮೇಡಂ, ಇದ್ರಲ್ಲಿ ಕನ್ನಡ ಫಾಂಟೇ ಇಲ್ಲ, ಆ ಕಡೆ ಸಿಸ್ಟಮ್ಮಿಗೆ ಬನ್ನಿ” ಎಂದ. ಆ ಕಡೆ ಹೋದೆ. ಅಲ್ಲಿ ನೀನಿದ್ದೆ. ನಿನ್ನ ಮಾತು, ನಿನ್ನ ತುಂಟತನ, ಚಿಕ್ಕವಳಿದ್ದಾಗ ಊಟದ ಮಧ್ಯೆ ಕೈ ಒಣಗಿಸಿಕೊಂಡು ಕತೆ ಹೇಳುತ್ತಿದ್ದೆಯಲ್ಲ, ಅದೇ ಧಾಟಿ.

ಕೆಟ್ಟ ಚಿತ್ರಗಳಿಗೆಂದೇ ಯಾರೋ ಮ್ಯೂಸಿಯಂ ಮಾಡಿದ್ದಾರೆಂದು ಬರೆದಿದ್ದೆ. ‘ನಮ್ಮ ಸರ್ಕಾರಿ ಕಚೇರಿಗಳ ಗೋಡೆಗಳನ್ನು ಅವರು ನೋಡಿಲ್ಲ, ಪಾಪ’ ಎಂದು ಕೊನೆಯಲ್ಲಿ ಸೇರಿಸಿದ್ದೆ. ಇನ್ನೊಬ್ಬ ಯಾವುದೋ ಚಳಿ ದೇಶದವನು, ರಸ್ತೆಯಲ್ಲಿ ಬಿದ್ದ ಒಂಟಿ ಕೈಗವಸುಗಳ ಫೋಟೋ ಮಾತ್ರ ತೆಗೆಯುತ್ತಾನಂತೆ. ಜೋಡಿ ಇದ್ದರೆ ತೆಗೆಯುವುದಿಲ್ಲವಂತೆ. ಅದನ್ನು ಓದಿ ಹೊರಗೆ ಬಂದರೆ ಶಿವಮೊಗ್ಗದ ರಸ್ತೆಯಲ್ಲೆಲ್ಲ ನನಗೆ ಒಂಟಿ ಚಪ್ಪಲಿಗಳೇ ಕಾಣಿಸಿದವು. ಕಲ್ಯಾಣಮಂಟಪದ ಎದುರು ಒಂದು, ಬಸ್ ಸ್ಟ್ಯಾಂಡಿನ ಚರಂಡಿಯಲ್ಲಿ ಒಂದು. ಬಸ್ಸಿನಲ್ಲಿ ಒಬ್ಬಳೇ ನಗುತ್ತ ಕೂತಿದ್ದೆ. ಇದನ್ನು ನಿನಗೆ ಹೇಳಬೇಕೆನಿಸಿತು. ಫೋನು ಮಾಡಿದರೆ ನೀನು ಮಳೆಯ ವಿಚಾರ ಕೇಳುತ್ತೀ.

ಇನ್ನು ಷಡಕ್ಷರಪ್ಪನವರ ವಿಷಯ. ಈಗ ನೀನು ಬೆಚ್ಚಿಬೀಳುತ್ತೀ, ಕೂತುಕೋ.

ಅಕ್ಟೋಬರಿನಲ್ಲಿ ನೀನು ಮುಸುಕು ಹಾಕಿದ ಪ್ರತಿಮೆಗಳ ಚಿತ್ರಗಳನ್ನು ಹಾಕಿದ್ದೆ. ಚುನಾವಣೆ ಬಂತೆಂದು ಬಟ್ಟೆ ಸುತ್ತಿದವು, ಉದ್ಘಾಟನೆಗೆ ಮಂತ್ರಿ ಸಿಗಲಿಲ್ಲವೆಂದು ಪ್ಲಾಸ್ಟಿಕ್ ಹೊದ್ದು ನಿಂತವು. ಮುಖ ಕಾಣದಿದ್ದಾಗಲೇ ನಮ್ಮ ನಾಯಕರು ಸ್ವಲ್ಪ ಶಿಲ್ಪದ ಹಾಗೆ ಕಾಣುತ್ತಾರೆ ಎಂದು ನಿನ್ನ ಟಿಪ್ಪಣಿ. ನನಗೆ ತಡೆಯಲಾಗಲಿಲ್ಲ. ನಮ್ಮೂರಿನಲ್ಲಿ ಒಂದು ಸರ್ಕಲ್ಲಿಗೆ ಕಟ್ಟೆ ಮಾತ್ರ ಕಟ್ಟಿದ್ದಾರೆ, ಯಾರ ಪ್ರತಿಮೆ ಎಂದು ಎರಡು ಗುಂಪಿಗೆ ಒಪ್ಪಿಗೆಯಾಗದೆ ವರ್ಷಗಟ್ಟಲೆ ಖಾಲಿ ಬಿದ್ದಿದೆ. ಆದರೂ ಮೆರವಣಿಗೆ ಹೋಗುವ ಎಲ್ಲ ಪಕ್ಷದವರೂ ಆ ಖಾಲಿ ಕಟ್ಟೆಗೇ ಹಾರ ಹಾಕಿ ಹೋಗುತ್ತಾರೆ. ಹಾರವನ್ನು ಮಧ್ಯಾಹ್ನದ ಹೊತ್ತಿಗೆ ದನ ತಿನ್ನುತ್ತದೆ. ಎಲ್ಲರಿಗೂ ಒಪ್ಪಿಗೆಯಾದ ಒಂದೇ ಪ್ರತಿಮೆ ನಮ್ಮೂರಿನದು ಎಂದು ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಕೆಳಗೆ ಕಾಮೆಂಟಿನ ಜಾಗದಲ್ಲಿ ಕಳಿಸಿಬಿಟ್ಟೆ. ಹೆಸರು ಎಲ್ಲಿ ಹಾಕಬೇಕೆಂದು ಹುಡುಕುವಷ್ಟರಲ್ಲಿ ಅದು ಹೋಗೇಬಿಟ್ಟಿತ್ತು.

ಮುಂದಿನ ಭಾನುವಾರ ನೋಡಿದರೆ, ನೀನು ಉತ್ತರ ಬರೆದಿದ್ದೀ. ‘ಷಡಕ್ಷರಪ್ಪನವರೇ, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನನ್ನ ಪೋಸ್ಟಿಗಿಂತ ನಿಮ್ಮ ಕಾಮೆಂಟೇ ಚೆನ್ನಾಗಿದೆ. ದಯವಿಟ್ಟು ಬರೀತಾ ಇರಿ.’

ಯಾರಪ್ಪ ಈ ಷಡಕ್ಷರಪ್ಪ ಎಂದು ನಾನು ಕಂಪ್ಯೂಟರನ್ನೇ ದಿಟ್ಟಿಸುತ್ತಿದ್ದಾಗ ಪಕ್ಕದ ಗೂಡಿನಿಂದ ಒಂದು ತಲೆ ಮೇಲೆದ್ದಿತು. ಹಣೆಯ ತುಂಬ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ. “ಅಲ್ಲ ಮೇಡಂ, ಹೋದ ವಾರ ಈ ಸಿಸ್ಟಮ್ಮಲ್ಲಿ ಕೂತಿದ್ದೋರು ನೀವಾ? ಯಾರೋ ನನ್ನ ಹೆಸರಲ್ಲಿ ರಾಜಕೀಯ ಬರೆದವ್ರೆ ಮಾರಾಯ್ರೆ. ನನ್ ಮೇಲೆ ಕೇಸ್ ಆದ್ರೆ ಯಾರು ಬಿಡಿಸ್ಕೊಂಡ್ ಬರೋದು?”

ಆದದ್ದು ಇಷ್ಟೇ. ಅವರು ನಮ್ಮ ಭದ್ರಾವತಿ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದು ನಿವೃತ್ತರಾದವರು, ವಿನೋಬನಗರದಲ್ಲಿ ಮನೆ. ಹಳೆಯ ಉಗಿಬಂಡಿಗಳ ಫೋಟೋ ನೋಡುವುದೊಂದು ಹುಚ್ಚು. ಅದಕ್ಕೆಂದು ಅಕೌಂಟ್ ಮಾಡಿಸಿಕೊಂಡು, ನೋಡಿ ಮುಗಿಸಿ, ಅದನ್ನು ಹಾಗೇ ತೆರೆದಿಟ್ಟು ಎದ್ದು ಹೋಗುತ್ತಿದ್ದರು. ಆ ಬಿಸಿ ಕುರ್ಚಿಯಲ್ಲೇ ನಾನು ಹೋಗಿ ಕೂತಿದ್ದೆ. ನನ್ನ ಮಾತು ಅವರ ಹೆಸರಿನಲ್ಲಿ ಹೋಗಿತ್ತು. ಸಾವಿರ ಸಲ ಕ್ಷಮೆ ಕೇಳಿ, ನಾನೇ ತಂಗಿಗೆ ನಿಜ ಬರೆಯುತ್ತೇನೆ ಎಂದೆ. ಅವರು ನಿನ್ನ ಉತ್ತರವನ್ನು ಇನ್ನೊಮ್ಮೆ ಓದಿದರು. “ಬೇಡ ಬಿಡ್ರಿ ಮೇಡಂ. ಮೂವತ್ತು ವರ್ಷ ಸರ್ವೀಸಲ್ಲಿ ಯಾರೂ ನನ್ನ ಇಷ್ಟು ಹೊಗಳಿರ್ಲಿಲ್ಲ. ಬರೀರಿ ನೀವು, ಹೆಸ್ರು ನಂದಿರ್ಲಿ” ಎಂದು ಪಾಸ್‌ವರ್ಡನ್ನೇ ಹೇಳಿಬಿಟ್ಟರು. ಅದೂ ಯಾವುದೋ ಇಂಜಿನ್ನಿನ ನಂಬರು.

ಹೀಗೆ ನಾನು ಷಡಕ್ಷರಪ್ಪನಾದೆ. ಒಂದು ಮಾತು ಹೇಳುತ್ತೇನೆ, ನಗಬೇಡ. ಆ ಹೆಸರಿನಲ್ಲಿ ಬರೆಯುವಾಗ ನನಗೆ ಬಹಳ ಧೈರ್ಯ ಬರುತ್ತಿತ್ತು. ಅವರಿಗೆ ಮನೆಯಿದೆ, ಹೆಂಡತಿ ಕಾಶಮ್ಮನವರಿದ್ದಾರೆ, ಮೊಮ್ಮಕ್ಕಳು ಬಂದುಹೋಗುತ್ತಾರೆ. ಅಂಥವರು ಏನಾದರೂ ಹೇಳಿದರೆ ಜನ ಕೇಳುತ್ತಾರೆ. ಹಿಂದಿ ಮೇಡಂ ಹೇಳಿದರೆ ಹೋಂವರ್ಕ್ ಎಂದುಕೊಳ್ಳುತ್ತಾರೆ.

ಇತ್ತೀಚೆಗೆ ನೀನು ಚೀಸಿನ ಬಗ್ಗೆ ಬರೆದೆಯಲ್ಲ. ವಿದೇಶದಲ್ಲಿ ಯಾರೋ ದೊಡ್ಡ ಚೀಸ್ ಗಡ್ಡೆಯ ಮುಂದೆ ಕ್ಯಾಮೆರಾ ಇಟ್ಟಿದ್ದಾರೆ, ಅದು ಹದಕ್ಕೆ ಬರುವುದನ್ನು ಲೋಕವೆಲ್ಲ ಕೂತು ನೋಡುತ್ತಿದೆ, ನಮ್ಮ ನ್ಯೂಸ್ ಚಾನೆಲ್ಲುಗಳಿಗಿಂತ ಇದರಲ್ಲಿ ಸುದ್ದಿ ಜಾಸ್ತಿ ಎಂದು. ನಾನೂ ಹೋಗಿ ನೋಡಿದೆ. ಚೀಸ್ ಸುಮ್ಮನೆ ಕೂತಿತ್ತು. ನಾನೂ ಸುಮ್ಮನೆ ಕೂತೆ. ಷಡಕ್ಷರಪ್ಪನವರು ಇಣುಕಿ, “ಗಂಟೆಗೆ ದುಡ್ ಕೊಟ್ಟು ಇದು ಕೊಳೆಯೋದ್ ನೋಡ್ತಿದ್ದೀರಲ್ರೀ! ಮನೇಲಿ ಮೊಸರು ಹೆಪ್ಪಾಕಿ ಮುಂದೆ ಕೂತ್ಕೊಳಿ, ಬಿಟ್ಟಿ” ಎಂದರು. ಆದರೆ ಅಲ್ಲಿ ಎಷ್ಟು ಜನ ನೋಡುತ್ತಿದ್ದಾರೆಂದು ಒಂದು ಅಂಕಿ ಬರುತ್ತಿತ್ತು. ಆ ಅಂಕಿಯಲ್ಲಿ ನಾನೂ ಒಬ್ಬಳು. ಎಲ್ಲೆಲ್ಲಿಯೋ ಭಾನುವಾರ ಕಳೆಯಲಾರದವರು ನನ್ನ ಜೊತೆ ಕೂತಿದ್ದಾರೆ ಅನ್ನಿಸಿ, ಎದ್ದು ಬರಲು ಮನಸ್ಸಾಗಲಿಲ್ಲ. ಅದನ್ನೇ ಕಾಮೆಂಟಿನಲ್ಲಿ ಬರೆದೆ. ‘ಷಡಕ್ಷರಪ್ಪನವರೇ, ನೀವು ಇಷ್ಟು ಒಂಟಿಯಾ? ನಾನೂ’ ಎಂದು ನೀನು ಉತ್ತರಿಸಿದೆ. ಆ ವಾರವೆಲ್ಲ ನನಗೆ ಊಟ ರುಚಿಸಲಿಲ್ಲ ನವ್ಯಾ. ನೀನು ಒಂಟಿ ಎಂದು ನನಗೆ ಯಾವತ್ತೂ ಹೇಳಿಲ್ಲ. ನಾನು ಫೋನು ಮಾಡಿದೆ, ನೀನು “ಆರಾಮಿದ್ದೀನಿ ಅಕ್ಕ” ಎಂದೆ.

ಆಮೇಲೆ ಷೋಕೇಸು ಬಂತು.

ಜನವರಿ ಕೊನೆಯಲ್ಲಿ ನೀನು ಹಾಕಿದ ಫೋಟೋ ನೋಡಿ ಒಂದು ಕ್ಷಣ ನಾನು ಎಲ್ಲಿದ್ದೇನೆಂದೇ ಮರೆತುಹೋಯಿತು. ನಮ್ಮ ಮನೆಯ ಷೋಕೇಸು, ಅಪ್ಪನ ಕಾರ್ಖಾನೆ ಕ್ವಾರ್ಟರ್ಸಿನ ಕಾಲದ್ದು. ಹೋದ ಸಲ ಬಂದಾಗ ನೀನು ಅದರ ಮುಂದೆ ಮಂಡಿಯೂರಿ ಫೋಟೋ ತೆಗೆದಿದ್ದೆ, ಪ್ರೀತಿಯಿಂದ ತೆಗೆಯುತ್ತಿದ್ದೀ ಎಂದುಕೊಂಡು ನಾನು ಗಾಜು ಒರೆಸಿಕೊಟ್ಟಿದ್ದೆ. ಆ ಫೋಟೋದ ಕೆಳಗೆ ನೀನು ಹೀಗೆ ಬರೆದಿದ್ದೆ: ‘ಒಬ್ಬರ ಮನೆಯಲ್ಲಿ ಕಂಡದ್ದು. ಕೆಟ್ಟ ಕಲೆಯ ಮ್ಯೂಸಿಯಮ್ಮಿಗೆ ನಮ್ಮ ಕಾರ್ಖಾನೆ ಕ್ವಾರ್ಟರ್ಸುಗಳ ಕೊಡುಗೆ. ವೈರಿನ ಗಿಳಿ, ಮಣಿಯ ಹಂಸ, ಬೆಂಕಿಕಡ್ಡಿಯ ದೇವಸ್ಥಾನ, ಸುಟ್ಟುಹೋದ ಬಲ್ಬಿನಿಂದ ಮಾಡಿದ ಮಾಲುಗಣ್ಣಿನ ಪೆಂಗ್ವಿನ್. ಇಷ್ಟನ್ನೂ ಕದ್ದುಕೊಂಡು ಹೋಗುತ್ತಾರೆಂದು ಬೀಗ ಬೇರೆ.’ ಕೆಳಗೆ ಸಾಲುಸಾಲು ಜನ ನಕ್ಕಿದ್ದರು. ನಮ್ಮ ಅತ್ತೆ ಮನೆಯಲ್ಲೂ ಇದೆ, ನಮ್ಮ ದೊಡ್ಡಮ್ಮನ ಮನೆಯಲ್ಲೂ ಇದೆ ಎಂದು.

ಆ ವೈರಿನ ಗಿಳಿ ನಾನು ಹೆಣೆದದ್ದು. ಪೆಂಗ್ವಿನ್ನಿಗೆ ಮೈ ಬಳಿದದ್ದು ನಾನು, ಕಣ್ಣು ಬರೆದದ್ದು ನೀನು. ಆಗ ನೀನು ಒಂದನೇ ಕ್ಲಾಸು. ಕಣ್ಣು ಮಾಲಾಯಿತೆಂದು ಅತ್ತಿದ್ದೆ, ಪೆಂಗ್ವಿನ್ನುಗಳೆಲ್ಲ ಹಾಗೇ ಇರುತ್ತವೆ ಎಂದು ನಾನು ಸುಳ್ಳು ಹೇಳಿ ಸಮಾಧಾನ ಮಾಡಿದ್ದೆ. ನಿನಗೆ ಮರೆತಿರಬಹುದು.

ನನಗೆ ಸಿಟ್ಟು ಬಂತು. ಬಹಳ ಬಂತು. ಷಡಕ್ಷರಪ್ಪನವರು “ಇವತ್ತು ಬೇಡ ಮೇಡಂ, ಮುಂದಿನ ವಾರ ಬರೀರಿ” ಎಂದರು. ಕೇಳಲಿಲ್ಲ. ನೀನು ಓದಿದ್ದೀ, ಆದರೂ ನನ್ನ ಬಾಯಿಂದ ಇನ್ನೊಮ್ಮೆ ಕೇಳು. ಕ್ವಾರ್ಟರ್ಸಿನಲ್ಲಿ ಎಲ್ಲ ಮನೆಯೂ ಒಂದೇ ಅಳತೆ, ಎಲ್ಲ ಬಾಗಿಲಿಗೂ ಅದೇ ಹಸಿರು ಬಣ್ಣ, ಅದನ್ನೂ ಕಂಪನಿಯವರೇ ಬಳಿಸುವುದು. ಗೋಡೆಗೆ ಮೊಳೆ ಹೊಡೆಯಲೂ ಅನುಮತಿ ಬೇಕು. ಸೈರನ್ನಿಗೆ ಏಳುವುದು, ಸೈರನ್ನಿಗೆ ಉಣ್ಣುವುದು. ಇದು ನಮ್ಮ ಮನೆ, ಪಕ್ಕದವರದಲ್ಲ ಎಂದು ಹೇಳಲು ಆ ಹೆಂಗಸರಿಗಿದ್ದದ್ದು ಆ ಗಾಜಿನ ಪೆಟ್ಟಿಗೆ ಒಂದೇ. ಕೈಗೆ ಸಿಕ್ಕ ವೈರು, ಮಣಿ, ಸುಟ್ಟ ಬಲ್ಬಿನಲ್ಲಿ ಏನು ಮಾಡಬಹುದೋ ಅದನ್ನು ಮಾಡಿ ಒಳಗಿಟ್ಟರು. ಬೀಗ ಕಳ್ಳರಿಗಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ಮುರಿಯುವ ಮನೆಯ ಮಕ್ಕಳಿಗೆ. ಅದನ್ನು ನೋಡಿ ಬೆಳೆದ ಮಗು ಯಾವುದಾದರೂ ಮುಂದೆ ಬರೋಡಾಕ್ಕೆ ಹೋಗಿ ಕಲೆ ಓದಿದ್ದರೆ, ಅದರ ಮೊದಲ ಗ್ಯಾಲರಿ ಯಾವುದೆಂದು ಕೇಳಬೇಕು. ಹೀಗೆ ಬರೆದು ಷಡಕ್ಷರಪ್ಪ ಎಂದು ಮುಗಿಸಿದೆ.

ನೀನು ಅಲ್ಲಿ ಉತ್ತರ ಬರೆಯಲಿಲ್ಲ. ಫೋಟೋ ಮಾತ್ರ ತೆಗೆದುಹಾಕಿದೆ. ಉತ್ತರ ಬೇರೆ ಕಡೆ ಬಂದಿತ್ತು, ಷಡಕ್ಷರಪ್ಪನವರ ಮೇಲ್‌ಗೆ. ಅವರು ಅದನ್ನು ಪ್ರಿಂಟ್ ತೆಗೆಸಿ, ಮಡಚಿ, ಹೋದ ಭಾನುವಾರ ನನ್ನ ಕೈಗಿಟ್ಟರು. “ಇದು ನಿಮಗೆ ಬಂದಿದ್ದು ಮೇಡಂ. ನಾನು ಓದ್ಬಾರ್ದಿತ್ತು, ಓದ್ಬಿಟ್ಟೆ” ಎಂದು ಕಿಟಕಿಯ ಕಡೆ ತಿರುಗಿ ನಿಂತರು.

ಮಾರ್ಚ್ ಎರಡನೇ ವಾರ ಶಿವಮೊಗ್ಗದಲ್ಲಿ ಚಿತ್ರಕಲಾ ಶಿಬಿರ, ನೀನು ಅಲ್ಲಿ ಮಾತಾಡಲು ಬರುತ್ತಿದ್ದೀ, ಭಾನುವಾರ ಬಿಡುವಿದೆ, ಷಡಕ್ಷರಪ್ಪನವರನ್ನು ನೋಡಲೇಬೇಕು, ಒಂದು ಕಾಫಿಗಾದರೂ ಸಿಗಿ ಎಂದು ಬರೆದಿದ್ದೆ. ನೀನು ಬರುವ ಸುದ್ದಿ ನನಗೆ ಹೀಗೆ ತಿಳಿಯಿತು. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದೂರಕ್ಕೆ ಬಂದು ಮನೆಗೆ ಬರುತ್ತೀಯೋ ಇಲ್ಲವೋ, ಅದೊಂದೇ ಈಗ ನನ್ನ ತಲೆಯಲ್ಲಿರುವುದು. ಉಳಿದ ಸುದ್ದಿಯೆಲ್ಲ ಸುಮ್ಮನೆ.

ನನಗೆ ಹೊಳೆದ ಉಪಾಯ ಕೇಳಿದರೆ ನೀನು ತಲೆ ಚಚ್ಚಿಕೊಳ್ಳುತ್ತೀ. “ನೀವೇ ಹೋಗಿ ಸಾರ್, ನಾನು ಪಕ್ಕದ ಟೇಬಲ್ಲಿನಲ್ಲಿ ಸೆರಗು ಹೊದ್ದು ಬೆನ್ನು ಹಾಕಿ ಕೂತಿರುತ್ತೇನೆ” ಎಂದೆ. ನಿನ್ನ ಮಾತು ಕೇಳಿಸಿದರೆ ಸಾಕಿತ್ತು ನನಗೆ. ಅವರು ತಲೆ ಕೆರೆದುಕೊಂಡು, “ನಾನೇನ್ ಮಾತಾಡ್ಲಿ ಆ ಹುಡುಗಿ ಹತ್ರ? ಬಾಯ್ಲರ್ ಪ್ರೆಶರ್ ಬಗ್ಗೆ ಹೇಳ್ಲಾ?” ಎಂದರು. ಕೊನೆಗೆ ಒಪ್ಪಿದರು. ನಿನ್ನೆ ಗಾಂಧಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಅವರಿಗೆ ತಾಲೀಮು. ನಾನು ನವ್ಯಾ, ಅವರು ಅವರೇ.

“ಷಡಕ್ಷರಪ್ಪನವರೇ, ಕಲೆಯಲ್ಲಿ ನಿಮಗೆ ಆಸಕ್ತಿ ಹೇಗೆ ಬಂತು?” ಎಂದು ನಿನ್ನ ಹಾಗೆ ತಲೆ ವಾರೆ ಮಾಡಿ ಕೇಳಿದೆ.

“ಅದು... ಚಿಕ್ಕಂದಿನಿಂದ್ಲೂ ನಂಗೆ ಸ್ಟೀಮ್ ಇಂಜಿನ್ ಅಂದ್ರೆ...”

“ಇಂಜಿನ್ ಬೇಡ ಸಾರ್! ಷೋಕೇಸ್ ಅನ್ನಿ, ಹೆಂಗಸರ ಕೈಕೆಲಸ ಅನ್ನಿ.”

“ಹಾ, ಷೋಕೇಸು. ನಮ್ಮನೇಲೂ ಒಂದೈತೆ. ಅದ್ರೊಳಗೆ ಕಾಶಮ್ಮ ನನ್ನ ಬಿ.ಪಿ. ಮಾತ್ರೆ ಇಡ್ತಾಳೆ.”

ಕಡಲೆಕಾಯಿ ಮಾರುವವನು ನಮ್ಮನ್ನೇ ನೋಡುತ್ತಿದ್ದ. ನಾನು ನಕ್ಕು ನಕ್ಕು ಸುಸ್ತಾದೆ. ಅವರಿಗೂ ಹುರುಪು ಬಂದು, ಹಿರಿಯರು ಕೇಳುವ ಹಾಗೆ ತಾವೇ ಒಂದು ಪ್ರಶ್ನೆ ಹಾಕಿದರು. “ಅಲ್ಲಮ್ಮ, ಈ ಕಡೆಯೋಳು ಅಂತೀಯ, ಇಲ್ಲಿ ನಿಂಗೆ ಯಾರಿದ್ದಾರೆ?”

ನಾನು ನೀನಾಗಿ ಉತ್ತರ ಹೇಳಬೇಕಿತ್ತು. ಉತ್ತರ ನನಗೆ ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಕೇಳಿದವರಿಗೂ ತಕ್ಷಣ ತಿಳಿಯಿತು. “ತಪ್ಪಾಯ್ತು ಮೇಡಂ” ಎಂದರು. ಏಳುವಾಗ ಹೇಳಿದರು: “ನಿಮ್ ತಂಗಿ ಮುಂದೆ ನಾನು ಎಷ್ಟ್ ಸುಳ್ಳು ಬೇಕಾದ್ರೂ ಹೇಳ್ತೀನಿ. ಆದ್ರೆ ನೀವು ಪಕ್ಕದ ಟೇಬಲ್ಲಲ್ಲಿ ಬೆನ್ನು ಹಾಕ್ಕೊಂಡು ಕೂತಿರೋದು ನನ್ ಕೈಲಿ ನೋಡಕ್ಕಾಗಲ್ಲ. ಬರ್ದೋರು ನೀವು. ನೀವೇ ಹೇಳಿ, ಅವ್ಳು ಬರೋಕ್ ಮುಂಚೆ.”

ಅದಕ್ಕೇ ಈ ಪತ್ರ. ಮೇಲ್ ಕಳಿಸಬಹುದಿತ್ತು, ಕಳಿಸಿದರೆ ಮತ್ತೆ ಅವರ ಹೆಸರಿನಲ್ಲೇ ಹೋಗುತ್ತದೆ. ನನಗೆ ನನ್ನದೇ ಅಕೌಂಟ್ ಮಾಡಿಕೊಡುತ್ತೇನೆಂದು ಜ್ಞಾನೇಶ್ ಎಷ್ಟೋ ಸಲ ಹೇಳಿದ. ಬೇಡವೆಂದೆ. ಜಯಾ ಎಂದು ಬರೆದರೆ ನೀನು ಮಳೆ ಬಂತಾ ಎಂದು ಕೇಳುತ್ತೀ ಎಂಬ ಹೆದರಿಕೆ.

ನಿನಗೆ ಮೋಸ ಮಾಡಬೇಕೆಂದು ಮಾಡಿದ್ದಲ್ಲ. ನೀನು ಬರೆದದ್ದು ಓದಿ ನನಗೆ ಏನೇನೋ ಹೇಳಬೇಕೆನಿಸುತ್ತಿತ್ತು. ಷಡಕ್ಷರಪ್ಪನಾಗಿ ಹೇಳಿದರೆ ನೀನು ಕೇಳುತ್ತಿದ್ದೆ. ಇಷ್ಟು ವರ್ಷದಲ್ಲಿ ನಾವಿಬ್ಬರೂ ಅಷ್ಟು ಮಾತಾಡಿದ್ದೇ ಇಲ್ಲ. ಬುಧವಾರ, ಗುರುವಾರದಿಂದಲೇ ನನಗೆ ಭಾನುವಾರದ ಚಿಂತೆ ಶುರುವಾಗುತ್ತದೆ. ಇವತ್ತು ಬಂದ್ ಆಗಿ ರಸ್ತೆಯಲ್ಲಿ ಒಂದು ಸೈಕಲ್ಲಿನ ಸದ್ದೂ ಇಲ್ಲ. ಊರಿಗೆಲ್ಲ ಇದೊಂದು ದಿನ ಹೀಗೆ. ನನಗೆ ರಜೆಯ ದಿನಗಳೆಲ್ಲ ಹೀಗೇ ಇರುತ್ತವೆ.

ಅಲ್ಲಿ ಊಟ ಸರಿಯಾಗಿ ಮಾಡು. ಕಣ್ಣಿಗೆ ಆಯಾಸವಾಗುವಷ್ಟು ಹೊತ್ತು ಕಂಪ್ಯೂಟರಿನ ಮುಂದೆ ಕೂರಬೇಡ. ನಿನ್ನ ಬರಹ ಇನ್ನೂ ಹೆಚ್ಚು ಜನ ಓದುವಂತಾಗಲಿ, ನಿನ್ನನ್ನು ನಗಿಸುವವರು ನಿನ್ನ ಹತ್ತಿರದಲ್ಲೇ ಇರಲಿ. ಎಲ್ಲ ಒಳ್ಳೆಯದಾಗಲಿ ನನ್ನ ಮರಿಗೆ.

ಇಂತು ನಿನ್ನ
ಜಯಕ್ಕ

ಮರೆತ ಮಾತು:

ಮರೆತಿರಲಿಲ್ಲ, ಬರೆಯಲೋ ಬೇಡವೋ ಎಂದು ಲಕೋಟೆಗೆ ಅಂಟು ಹಚ್ಚುವವರೆಗೂ ಯೋಚಿಸಿದೆ. ಷಡಕ್ಷರಪ್ಪನವರಿಗೆ ನೀನು ಬರೆದ ಮೇಲ್ ಪೂರ್ತಿ ನನ್ನ ಮುಂದಿದೆ. ‘ನಿಮ್ಮ ಕಾಮೆಂಟ್ ಓದಿ ಅತ್ತುಬಿಟ್ಟೆ ಸರ್. ನನ್ನನ್ನು ಇಷ್ಟು ಅರ್ಥ ಮಾಡಿಕೊಂಡವರು ಯಾರೂ ಇಲ್ಲ. ಭಾನುವಾರ ಪೂರ್ತಿ ನಿಮ್ಮ ಜೊತೆಗೇ ಇರಬಲ್ಲೆ. ಭದ್ರಾವತಿಯಲ್ಲಿ ನಮ್ಮ ಸಂಬಂಧಿಕರೊಬ್ಬರಿದ್ದಾರೆ, ಹೋಗಲೇಬೇಕು ಅನ್ನುವಷ್ಟು ಹತ್ತಿರದವರಲ್ಲ. ನಾನು ಬರುವ ವಿಷಯ ಅವರಿಗೆ ಹೇಳಿಯೂ ಇಲ್ಲ’ ಎಂದಿದ್ದೀ.

ಸಿಟ್ಟಿಲ್ಲ ಮರಿ. ನೋವಾಯಿತು, ಇಲ್ಲವೆಂದು ಹೇಳುವುದಿಲ್ಲ. ಮನೆಗೆ ಬರಲು ಮನಸ್ಸಾಗದಿದ್ದರೆ ಬರಬೇಡ, ನಾನು ಬಲವಂತ ಮಾಡುವುದಿಲ್ಲ. ಆದರೆ ಷಡಕ್ಷರಪ್ಪನವರಿಗೆ ಬರೆಯುವುದನ್ನು ಮಾತ್ರ ನಿಲ್ಲಿಸಬೇಡ.